ಹವಾಮಾನದ ನಕ್ಷೆ ಮತ್ತು ಜಡ್ಡಿಯ ಮರ: ಒಂದು ವಿಮರ್ಶೆ

ವಿರಳವಾಗುತ್ತಿರುವ ಸಸ್ಯವೊಂದಕ್ಕೆ ಎಲ್ಲೆಲ್ಲಿ ನೆಲೆ ದೊರೆಯಬಹುದೆಂಬುದನ್ನು ಹವಾಮಾನದ ಅಂಕಿಗಳಿಂದ ಗಣಿಸಿ ನಕ್ಷೆಯಲ್ಲಿ ತೋರಿಸುವ ಪದ್ಧತಿಯು ಈಗ ಸಸ್ಯಶಾಸ್ತ್ರದ ಸಂಶೋಧನೆಗಳಲ್ಲಿ ಬಹಳ ಬಳಕೆಗೆ ಬಂದಿದೆ. 2006ರಲ್ಲಿ ಫಿಲಿಪ್ಸ್, ಆಂಡರ್ಸನ್ ಮತ್ತು ಶಾಪೈರ್ ಎಂಬ ವಿದ್ವಾಂಸರು ಪ್ರತಿಪಾದಿಸಿದ ಮ್ಯಾಕ್ಸೆಂಟ್ ಎಂಬ ಗಣನಕ್ರಮವು ಇವುಗಳಲ್ಲಿ ಪ್ರಸಿದ್ಧವಾದುದು. ಸಸ್ಯವು ಕಂಡುಬಂದ ಸ್ಥಳಗಳ ಉಷ್ಣತೆ, ಮಳೆ ಮೊದಲಾದವನ್ನು ಸುತ್ತಣ ಪ್ರದೇಶದ ಲಕ್ಷಣಗಳೊಡನೆ ಹೋಲಿಸಿ, ಯಾವ ಸ್ಥಳವು ಎಷ್ಟರಮಟ್ಟಿಗೆ ಅನುಕೂಲವೆಂಬುದನ್ನು ಅದು ಅಂದಾಜುಮಾಡುತ್ತದೆ. ಕೆಲವೇ ದಾಖಲೆಗಳಿಂದಲೂ ಫಲ ದೊರೆಯುವುದು ಇದರ ಗುಣ. ಆ ಗುಣವೇ ಅವಸರಕ್ಕೂ ಎಡೆಗೊಡುತ್ತದೆಯೆಂದು ನನಗೆ ತೋರುತ್ತದೆ.

ಇದರ ಮುಖ್ಯ ತೊಡಕನ್ನು ಅರಿಯಲು ಕಾಡಿಗೆ ಹೋಗಬೇಕಾಗಿಲ್ಲ; ಮಂಡ್ಯದ ವಿ.ಸಿ. ಫಾರಂ ಸಾಕು. ಇಲ್ಲಿಯ ವಾರ್ಷಿಕ ಮಳೆ ಸುಮಾರು 700 ಮಿ.ಮೀ. ಮಾತ್ರ. ಆದರೂ ಸುತ್ತಲೂ ಬತ್ತ, ಕಬ್ಬು. ಹಿಂದೆ ಇರ್ವಿನ್ ನಾಲೆಯೆನಿಸಿದ್ದ ವಿಶ್ವೇಶ್ವರಯ್ಯ ನಾಲೆಯು ಕೃಷ್ಣರಾಜಸಾಗರದಿಂದ ನೀರು ತರುವುದರಿಂದಲೇ ಈ ಹಸುರು. ಫಾರಮ್ಮಿನ ಹೆಸರೇ ಅದನ್ನು ಸಾರುತ್ತದೆ. ನಾಲೆಯನ್ನರಿಯದವನೊಬ್ಬನು ಈ ಗದ್ದೆಗಳನ್ನು ಗುರುತಿಸಿಕೊಂಡು ಮಳೆಯ ಅಂಕಿಗಳನ್ನಷ್ಟೆ ಹೊಂದಿಸಿದರೆ, ಬತ್ತಕ್ಕೆ ಒಣಹವೆಯೇ ಪ್ರಿಯವೆಂಬ ನಿರ್ಣಯಕ್ಕೆ ಬಂದಾನು. ಅವನ ಪರೀಕ್ಷೆಯ ಅಂಕವೂ ಉತ್ತಮವಾಗಿಯೇ ಬಂದೀತು. ಪರೀಕ್ಷೆಗೆಂದು ಬೇರೆ ತೆಗೆದಿರಿಸಿದ ಗದ್ದೆಗಳೂ ಅದೇ ನಾಲೆಯ ಬಯಲಿನವಲ್ಲವೆ?

ಬತ್ತದ ವಿಷಯದಲ್ಲಿ ಇದು ನಗೆಗೀಡಾದೀತು. ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಲ್ಲಿ ಇದೇ ತಪ್ಪು ಒಂದು ಜಾತಿಯ ಅಳಿವು ಉಳಿವಿಗೆ ಸಂಬಂಧಿಸಿದುದಾಗುತ್ತದೆ. ಅಲ್ಲಿಯ ರಾಮಪತ್ರೆ ಜಡ್ಡಿಯಿಂದ 2000ದಲ್ಲಿ ದಾಸಪ್ಪ ಮತ್ತು ಸ್ವಾಮಿನಾಥ್ ಅವರು ಹೊಸದಾಗಿ ವರ್ಣಿಸಿದ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬುದು ಗೇರಿನ ಕುಟುಂಬಕ್ಕೆ ಸೇರಿದ ದೊಡ್ಡ ಮರ; ಉಳಿದಿರುವುದು ಅತ್ಯಲ್ಪ. ಜಡ್ಡಿಯೆಂದರೆ ಕಾಡಿನ ತೊರೆಯ ಇಕ್ಕೆಲದ ಜೌಗುನೆಲ. ರಾಮಪತ್ರೆಯ ಬೇರುಗಳು ಉಸಿರಿಗಾಗಿ ಕೆಸರಿನಿಂದ ಮೊಣಕಾಲಿನಂತೆ ಬಾಗಿ ಮೇಲೆದ್ದಿರುತ್ತವೆ. ಮಳೆಯೇನೋ ಅಲ್ಲಿ ಧಾರಾಳ. ಆದರೆ ಅದು ಬಹುಮಟ್ಟಿಗೆ ಮುಂಗಾರಿನ ಕೆಲವೇ ತಿಂಗಳುಗಳದು. ಉಳಿದ ಕಾಲದಲ್ಲಿ ಈ ಮರಗಳ ಬುಡ ತೇವವಾಗಿರುವುದು ಮೇಲಣ ಕಾಡು ಹಿಡಿದಿಟ್ಟು ಬಿಡುವ ಒರತೆಯಿಂದ.

ಈಗ ನಕ್ಷೆಯನ್ನು ನೋಡೋಣ. ಸಾಮಾನ್ಯವಾಗಿ ಬಳಸುವ ವರ್ಲ್ಡ್‌ಕ್ಲಿಮ್ ಸಂಗ್ರಹದ 19 ಸೂಚಕಗಳೂ ಉಷ್ಣತೆ, ಮಳೆಗಳಿಂದ ಹುಟ್ಟಿದವು. ಅವುಗಳ ಅತಿ ಸೂಕ್ಷ್ಮವಾದ ಚೌಕವೂ ಸುಮಾರು 1 ಚದರ ಕಿ.ಮೀ. ಒಂದು ಚೌಕದೊಳಗೆ ಜಡ್ಡಿ, ಒಣ ಇಳಿಜಾರು, ಅಡಕೆ ತೋಟ ಮೂರೂ ಅಡಗುತ್ತವೆ. ಗಣನೆಗೆ ಮೂರೂ ಒಂದೇ. ಹಲವು ಜಡ್ಡಿಗಳನ್ನು ಹಿಂದೆ ಗದ್ದೆ, ತೋಟಗಳನ್ನಾಗಿ ಮಾಡಿರುವುದರಿಂದ, ಮರವಿಲ್ಲದ ಸ್ಥಳವೆಲ್ಲ ಹವೆ ಒಗ್ಗದ ಸ್ಥಳವೆಂದು ತಿಳಿಯುವುದೂ ಸರಿಯಲ್ಲ.

ವಿಶಾಲವಾಗಿ ಹರಡಿದ ಸಸ್ಯಗಳಿಗೆ, ಅಥವಾ ಎಲ್ಲಿ ಹುಡುಕಬೇಕೆಂಬ ಮೊದಲ ಸೂಚನೆಗೆ, ಈ ಕ್ರಮವು ನಿಶ್ಚಯವಾಗಿ ಉಪಯುಕ್ತ. ಆದರೆ 2050ರ ಅಥವಾ 2070ರ ಹವೆಯನ್ನು ಇಟ್ಟುಕೊಂಡು ಇಂಥ ಮರದ ಭವಿಷ್ಯವನ್ನು ಬರೆಯುವವರು ತೊರೆಯ ಬೇಸಗೆಯ ಹರಿವನ್ನೂ ಜಲಾನಯನದ ಕಾಡನ್ನೂ ಗಣನೆಗೆ ತರಲೇಬೇಕು. ಬೀಜ ದೊರೆಯುವುದೇ ಕಡಮೆಯಿರುವಾಗ, ನಕ್ಷೆಯ ಗಾಢವರ್ಣವನ್ನು ನಂಬಿ ಒಣ ಇಳಿಜಾರಿನಲ್ಲಿ ನೆಟ್ಟ ಸಸಿಗಳು ಮರಳಿ ಬಾರವು. ನೆಡುವವರು ಅದಕ್ಕೆ ಮೊದಲು ಏಪ್ರಿಲ್ ತಿಂಗಳಲ್ಲೊಮ್ಮೆ ಆ ಚೌಕಕ್ಕೆ ಹೋಗಿ ಎರಡು ಅಡಿ ಗುಂಡಿ ತೋಡಿ ನೀರು ಒಸರುವುದೋ ಇಲ್ಲವೋ ನೋಡಬಹುದು.