ನೊಣದ ಕಣ್ಣಿನಲ್ಲಿರುವುದು ರೊಡಾಪ್ಸಿನ್ನೇ?

ಕಣ್ಣಿನಲ್ಲಿ ಬೆಳಕನ್ನು ಹೀರುವ ವರ್ಣಕ ಯಾವುದೆಂದು ಕೇಳಿದರೆ ನಿಮ್ಮ ವಿದ್ಯಾರ್ಥಿಗಳು ತಡವರಿಸದೆ 'ರೊಡಾಪ್ಸಿನ್' ಎನ್ನುತ್ತಾರೆ. ಆಪ್ಸಿನ್ ಎಂಬ ಪ್ರೋಟೀನ್, ಅದಕ್ಕೆ ಅಂಟಿಕೊಂಡ ರೆಟಿನಲ್ ಎಂಬ ವಿಟಮಿನ್ 'ಎ' ಆಲ್ಡಿಹೈಡ್ - ಇವೆರಡೂ ಸೇರಿದರೆ ರೊಡಾಪ್ಸಿನ್. ಇದರ ರಸಾಯನವನ್ನು ಬಿಡಿಸಿದ ಜಾರ್ಜ್ ವಾಲ್ಡ್ 1967ರ ನೊಬೆಲ್ ಬಹುಮಾನದಲ್ಲಿ ಪಾಲು ಪಡೆದರು. ದನ, ಕಪ್ಪೆ, ಮನುಷ್ಯರಿಗೆ ಹೊಂದುವ ಈ ಮಾತನ್ನು ಕೀಟಗಳಿಗೂ ಹಾಗೆಯೇ ಅನ್ವಯಿಸುವುದು ರೂಢಿಯಾಗಿತ್ತು. ಜರ್ಮನಿಯ ಕ್ಲೌಸ್ ಫೋಗ್ಟ್ 1983ರ ತಮ್ಮ ಪ್ರಬಂಧದ ಶೀರ್ಷಿಕೆಯಲ್ಲೇ ಅನುಮಾನವನ್ನು ಮುಂದಿಟ್ಟರು: ನೊಣದ ದೃಷ್ಟಿವರ್ಣಕ ರೊಡಾಪ್ಸಿನ್ನೇ?

ಈ ಅನುಮಾನಕ್ಕೆ ಹಿನ್ನೆಲೆಯಿತ್ತು. ನೊಣದ ಸಂಯುಕ್ತ ನೇತ್ರದ ಪ್ರತಿಯೊಂದು ಘಟಕದಲ್ಲಿ ಎಂಟು ದ್ಯುತಿಗ್ರಾಹಕ ಕೋಶಗಳಿವೆ. ಅವುಗಳಲ್ಲಿ ಹೊರಗಿನ ಆರು ಕೋಶಗಳು ಸುಮಾರು 490 ನ್ಯಾನೋಮೀಟರ್ ತರಂಗದೂರದ ನೀಲಿ-ಹಸಿರು ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತವೆ. 350ರ ಸುಮಾರಿನ ಅತಿನೇರಳೆಗೂ ಅಷ್ಟೇ ಚುರುಕಾಗಿ ಸ್ಪಂದಿಸುತ್ತವೆ. ಒಂದೇ ವರ್ಣಕಕ್ಕೆ ಎರಡು ಶಿಖರ ಹೇಗೆ? 1977ರಲ್ಲಿ ಕಿರ್ಷ್‌ಫೆಲ್ಡ್, ಫ್ರಾನ್ಸೆಸ್ಕಿನಿ ಮತ್ತು ಮಿಂಕೆ ಒಂದು ದಿಟ್ಟ ವಿವರಣೆ ಕೊಟ್ಟರು. ಅತಿನೇರಳೆಯನ್ನು ಹೀರುವುದು ಬೇರೊಂದು ಸಹಾಯಕ ಅಣು. ಅದು ಹೀರಿದ ಶಕ್ತಿಯನ್ನು ಪಕ್ಕದ ದೃಷ್ಟಿವರ್ಣಕಕ್ಕೆ ದಾಟಿಸುತ್ತದೆ. ಎಲೆಯಲ್ಲಿ ಕ್ಯಾರೊಟಿನಾಯ್ಡುಗಳು ಕ್ಲೋರೊಫಿಲ್‌ಗೆ ಬೆಳಕು ಕೂಡಿಸಿಕೊಡುವುದನ್ನು ನೀವು ಕಲಿಸಿದ್ದೀರಲ್ಲ, ಅದೇ ತಂತ್ರ! ಆಹಾರದಲ್ಲಿ ಕ್ಯಾರೊಟಿನಾಯ್ಡು ಇಲ್ಲದೆ ಬೆಳೆದ ನೊಣಗಳ ದೃಷ್ಟಿಸಂವೇದನೆ ಕುಗ್ಗುವುದನ್ನು ಟಿಮೊಥಿ ಗೋಲ್ಡ್‌ಸ್ಮಿತ್ ಮತ್ತು ಸಂಗಡಿಗರು 1964ರಲ್ಲೇ ತೋರಿಸಿದ್ದರು.

ಆದರೆ ಆ ಅಣು ಯಾವುದು? ಫೋಗ್ಟ್ ನೊಣದ ಕಣ್ಣಿನ ವರ್ಣಕದಿಂದ ಬೆಳಕು ಹೀರುವ ಭಾಗವನ್ನು ಬೇರ್ಪಡಿಸಿ ನೋಡಿದಾಗ ಅದು ರೆಟಿನಲ್ ಆಗಿರಲಿಲ್ಲ, 3-ಹೈಡ್ರಾಕ್ಸಿರೆಟಿನಲ್ ಆಗಿತ್ತು. ಕಪ್ಪುಹಲಗೆಯ ಮೇಲೆ ರೆಟಿನಲ್ ಬರೆದು, ಉಂಗುರದ ಮೂರನೆಯ ಇಂಗಾಲಕ್ಕೆ ಒಂದು ಹೈಡ್ರಾಕ್ಸಿಲ್ ಗುಂಪನ್ನು ತೂಗುಹಾಕಿ, ವ್ಯತ್ಯಾಸ ಇಷ್ಟೇ. ಇದರದೇ ಆಲ್ಕೊಹಾಲ್ ರೂಪವಾದ 3-ಹೈಡ್ರಾಕ್ಸಿರೆಟಿನಾಲ್ ಆ ಸಹಾಯಕ ಅಣು ಎಂದು ಅವರೂ ಕಿರ್ಷ್‌ಫೆಲ್ಡರೂ ಗುರುತಿಸಿದರು.

ಇಲ್ಲಿಯವರೆಗೆ ಕೆಲಸ ಅಚ್ಚುಕಟ್ಟು. ಆಮೇಲೆ ಇಟ್ಟ ಹೆಸರಿನ ಬಗ್ಗೆ ನನಗೆ ತಕರಾರಿದೆ. ಕ್ಸಾಂತೊಫಿಲ್‌ಗಳಿಂದ ಬರುವ ವರ್ಣಕವೆಂದು ಫೋಗ್ಟ್ ಇದನ್ನು 'ಕ್ಸಾಂತಾಪ್ಸಿನ್' ಎಂದು ಕರೆದರು. 1985ರಲ್ಲಿ ಹಣ್ಣುನೊಣದ ಆಪ್ಸಿನ್ ಜೀನಿನ ರಚನೆ ತಿಳಿದಾಗ, ಆ ಪ್ರೋಟೀನ್ ದನದ ಆಪ್ಸಿನ್ನಿನ ದಾಯಾದಿ ಎಂಬುದು ಸ್ಪಷ್ಟವಾಯಿತು. ಜೊತೆಗೆ, ಬೀಟಾ ಕ್ಯಾರೊಟೀನ್ ಮಾತ್ರ ತಿಂದ ಹಣ್ಣುನೊಣವೂ ಹೈಡ್ರಾಕ್ಸಿಲ್ ಗುಂಪನ್ನು ತಾನೇ ಸೇರಿಸಿಕೊಳ್ಳಬಲ್ಲದು, ಕ್ಸಾಂತೊಫಿಲ್ ಅನಿವಾರ್ಯವಲ್ಲ. ಮೂಲವಸ್ತುವಿನ ಮೇಲೆ ಕಟ್ಟಿದ ಹೆಸರು ಹೀಗೆ ಸಡಿಲವಾಯಿತು. ನೊಣದ ವರ್ಣಕಗಳನ್ನು ಇಂದಿಗೂ ರೊಡಾಪ್ಸಿನ್ ಎಂದೇ ಕರೆಯುತ್ತಾರೆ. ಪ್ರಶ್ನೆಗೆ 'ಅಲ್ಲ' ಎಂದು ಉತ್ತರಿಸುವ ಆತುರ ಬೇಕಿರಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಎಡೆ ಖಾಲಿಯೇ ಉಳಿಯಿತು. ಜಪಾನಿನ ಸೆಕಿ ಮತ್ತು ಫೋಗ್ಟ್ 1998ರಲ್ಲಿ ಪ್ರಕಟಿಸಿದ ಸಮೀಕ್ಷೆ ಬಹು ಉಪಯುಕ್ತ: ಜೇನ್ನೊಣ, ಜಿರಲೆಗಳಲ್ಲಿ ಸಾಮಾನ್ಯ ರೆಟಿನಲ್; ನೊಣ, ಚಿಟ್ಟೆಗಳಲ್ಲಿ ಹೈಡ್ರಾಕ್ಸಿ ರೂಪ; ಏರೋಪ್ಲೇನ್ ಚಿಟ್ಟೆ ಎಂದು ಮಕ್ಕಳು ಕರೆಯುವ ಕೊಡತಿ ಕೀಟಗಳಲ್ಲಿ ಎರಡೂ. ಆದರೆ ಈ ಹಂಚಿಕೆ ಏಕೆ? ಸಹಾಯಕ ಅಣು ಸ್ಪಷ್ಟವಾಗಿ ಕಂಡಿರುವುದು ನೊಣಗಳಲ್ಲಿ. ಚಿಟ್ಟೆಗೆ ಹೈಡ್ರಾಕ್ಸಿಲ್ ಏಕೆ ಬೇಕೆಂಬುದಕ್ಕೆ ಅದು ಉತ್ತರವಾಗದು. ಪಟ್ಟಿ ಉದ್ದವಾಯಿತು, ಕಾರಣ ಸಿಗಲಿಲ್ಲ.

ಆದರೂ ಈ ಸಂಶೋಧನೆಯನ್ನು ನೀವು ತರಗತಿಗೆ ಒಯ್ಯಬೇಕೆನ್ನಲು ಕಾರಣವಿದೆ. ಕ್ಯಾರೊಟೀನ್ ದೇಹದಲ್ಲಿ ವಿಟಮಿನ್ 'ಎ' ಆಗುತ್ತದೆಂದು 1930ರಿಂದಲೂ ಗೊತ್ತಿತ್ತು. ಅದನ್ನು ನಡುವೆ ಕತ್ತರಿಸುವ ಕಿಣ್ವದ ಜೀನ್ ಮಾತ್ರ ಏಳು ದಶಕ ಕೈಗೆ ಸಿಕ್ಕಿರಲಿಲ್ಲ. 2000ದಲ್ಲಿ ಯೋಹಾನೆಸ್ ಫಾನ್ ಲಿಂಟಿಗ್ ಮತ್ತು ಇದೇ ಫೋಗ್ಟ್, ಮುಸುಕಿನ ಜೋಳದ ಒಂದು ಜೀನನ್ನು ಸುಳಿವಾಗಿಟ್ಟುಕೊಂಡು ಹಣ್ಣುನೊಣದಲ್ಲಿ ಅದನ್ನು ಹುಡುಕಿದರು. ಬೀಟಾ ಕ್ಯಾರೊಟೀನ್ ತಯಾರಿಸುವ ಹಳದಿ ಬ್ಯಾಕ್ಟೀರಿಯಾಕ್ಕೆ ಆ ಜೀನನ್ನು ಸೇರಿಸಿದಾಗ ಅದರ ಗುಂಪುಗಳು ಬಹುತೇಕ ಬೆಳ್ಳಗಾದವು. ಹಳದಿ ಒಡೆದು ರೆಟಿನಲ್ ಆಗಿತ್ತು. ಅದೇ ವರ್ಷ ಕೋಳಿಯಲ್ಲೂ ಇಂಥ ಜೀನ್ ಸಿಕ್ಕಿತು. ನಾವು ತಿಂದ ಗಜ್ಜರಿ, ನುಗ್ಗೆಸೊಪ್ಪಿನ ಕ್ಯಾರೊಟೀನನ್ನು ಕರುಳಿನಲ್ಲಿ ತುಂಡರಿಸಿ ಇರುಳುಗುರುಡನ್ನು ದೂರವಿಡುವುದೂ ಈ ಕುಟುಂಬದ ಕಿಣ್ವವೇ.