ಸಿಟ್ಟು ಯಾರದು, ಮೈಕು ಯಾರದು?

ದಲಿತ ಸಾಹಿತ್ಯದ ಬಗ್ಗೆ ಮಾತು ಬಂದಾಗಲೆಲ್ಲ ನಾವು ಮೂರು ಸಂಗತಿಗಳನ್ನು ಬಹಳ ನೆಚ್ಚಿಕೊಂಡು ಬಂದಿದ್ದೇವೆ. ಒಂದು, ಸಿಟ್ಟು. ಇನ್ನೊಂದು, ಪುಸ್ತಕದ ಭಾಷೆಯ ಮಡಿಯನ್ನು ಮುರಿಯುವ ಆಡುಮಾತು. ಮತ್ತೊಂದು, 'ಇದು ನಾನು ಉಂಡದ್ದು, ಇಲ್ಲ ಅನ್ನೋಕೆ ನೀನ್ಯಾರು?' ಎಂದು ಕೇಳುವ ಅನುಭವದ ಹಕ್ಕು. ಈ ಮೂರೂ ಇದ್ದುಬಿಟ್ಟರೆ ಮಾತು ತನ್ನಷ್ಟಕ್ಕೆ ತಾನೇ ನಮ್ಮ ಕಡೆಯದು ಎಂದು ನಂಬುವ ಅಭ್ಯಾಸವೊಂದು ನಮ್ಮ ವಿಮರ್ಶೆಯಲ್ಲಿ ಬೆಳೆದಿದೆ. ಈ ನಂಬಿಕೆಯನ್ನು ಒಮ್ಮೆ ಒರೆಗೆ ಹಚ್ಚಿ ನೋಡಬೇಕೆಂಬುದು ಈ ಟಿಪ್ಪಣಿಯ ಉದ್ದೇಶ. ಒರೆಗಲ್ಲಾಗಿ ನಾನು ಆರಿಸಿಕೊಂಡಿರುವುದು ದೂರದ್ದು: ಅಮೆರಿಕದ ಬಲಪಂಥೀಯ 'ಟಾಕ್ ರೇಡಿಯೋ'. ಅಲ್ಲಿ ಹಾಡಿಲ್ಲ, ನಾಟಕವಿಲ್ಲ. ಒಬ್ಬ ಮೈಕಿನ ಮುಂದೆ ಕೂತು ಗಂಟೆಗಟ್ಟಲೆ ಮಾತಾಡುತ್ತಾನೆ, ಕೇಳುವವರು ಫೋನು ಮಾಡುತ್ತಾರೆ. ಅಲ್ಲೂ ಸಿಟ್ಟಿದೆ, ಆಡುಮಾತಿದೆ, ಅನುಭವದ ಹಕ್ಕುದಾರಿಕೆಯಿದೆ. ಆದರೆ ಆ ಸಿಟ್ಟು ಯಾರ ಬೆನ್ನ ಮೇಲೆ ಬೀಳುತ್ತದೆ ಎಂಬುದನ್ನು ನೋಡಿದರೆ ನಮ್ಮ ಲೆಕ್ಕ ತಲೆಕೆಳಗಾಗುತ್ತದೆ.

ಈ ರೇಡಿಯೋ ಗಾಳಿಯಲ್ಲಿ ತಾನಾಗಿ ಹುಟ್ಟಿದ್ದಲ್ಲ. 1949ರಿಂದ ಅಮೆರಿಕದಲ್ಲಿ 'ಫೇರ್‌ನೆಸ್ ಡಾಕ್ಟ್ರಿನ್' ಎಂಬ ನಿಯಮವಿತ್ತು. ರೇಡಿಯೋ ತರಂಗ ಸಾರ್ವಜನಿಕರ ಸೊತ್ತು. ಲೈಸೆನ್ಸು ಪಡೆದವನು ವಿವಾದದ ವಿಷಯ ಎತ್ತಿದರೆ ಎದುರು ಮಾತಿಗೂ ಜಾಗ ಕೊಡಬೇಕು ಎಂಬುದು ಅದರ ಸಾರ. 1969ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿದಿತ್ತು. 1987ರಲ್ಲಿ, ರೇಗನ್ ಆಳ್ವಿಕೆಯಲ್ಲಿ, ನಿಯಮ ರದ್ದಾಯಿತು. ಅದನ್ನು ಕಾಯ್ದೆಯಾಗಿಯೇ ಉಳಿಸಿಕೊಳ್ಳಲು ಅಲ್ಲಿನ ಸಂಸತ್ತು ಮಾಡಿದ್ದ ಮಸೂದೆಗೆ ರೇಗನ್ ವೀಟೋ ಹಾಕಿದ್ದರು. ಮರುವರ್ಷವೇ, 1988ರ ಆಗಸ್ಟಿನಲ್ಲಿ, ರಶ್ ಲಿಂಬಾ ಎಂಬಾತನ ಕಾರ್ಯಕ್ರಮ ದೇಶವ್ಯಾಪಿಯಾಗಿ ಶುರುವಾಯಿತು. ದಿನಕ್ಕೆ ಮೂರು ಗಂಟೆ. ಬರಬರುತ್ತ ಆರುನೂರಕ್ಕೂ ಹೆಚ್ಚು ಸ್ಟೇಷನ್ನುಗಳು. 1996ರ ದೂರಸಂಪರ್ಕ ಕಾಯ್ದೆ ಒಬ್ಬ ಮಾಲೀಕ ದೇಶದಲ್ಲಿ ಎಷ್ಟು ರೇಡಿಯೋ ಸ್ಟೇಷನ್ನು ಇಟ್ಟುಕೊಳ್ಳಬಹುದೆಂಬ ಮಿತಿಯನ್ನು ಕಿತ್ತುಹಾಕಿತು. ಕ್ಲಿಯರ್ ಚಾನೆಲ್ ಎಂಬ ಒಂದೇ ಕಂಪನಿ ಸಾವಿರಕ್ಕೂ ಮಿಕ್ಕ ಸ್ಟೇಷನ್ನುಗಳನ್ನು ನುಂಗಿ ಕೂತಿತು. 2008ರಲ್ಲಿ ಲಿಂಬಾ ಮಾಡಿಕೊಂಡ ಕರಾರು ಎಂಟು ವರ್ಷಕ್ಕೆ ಸುಮಾರು 40 ಕೋಟಿ ಡಾಲರಿನದೆಂದು ವರದಿಯಾಯಿತು. ಸಾಮಾನ್ಯ ಮನುಷ್ಯನ ದನಿ ಎಂದು ಮಾರಲಾದ ದನಿಯ ಬೆಲೆ ಇದು. ಮೈಕು ಯಾರದು ಎಂಬ ಪ್ರಶ್ನೆಗೆ ಮೊದಲ ಉತ್ತರ ಇಲ್ಲೇ ಸಿಕ್ಕುತ್ತದೆ.

ಆದರೆ ದುಡ್ಡಿನ ಲೆಕ್ಕ ಹೇಳಿ ಕೈತೊಳೆದುಕೊಂಡರೆ ಅದು ವಿಮರ್ಶೆಯಾಗುವುದಿಲ್ಲ. ಜನ ಯಾಕೆ ಕೇಳಿದರು? ಲಿಂಬಾ ನಿಜಕ್ಕೂ ಮಾತಿನ ಮಲ್ಲ. ಅಣಕ, ಅಡ್ಡಹೆಸರು, ನಿಲುಗಡೆ, ಕಾಗದ ಮಗುಚುವ ಸದ್ದು, ಇವನ್ನೆಲ್ಲ ಪಳಗಿಸಿಕೊಂಡಿದ್ದವನು. ಕೇಳುಗರು ತಮ್ಮನ್ನು 'ಡಿಟೋಹೆಡ್ಸ್' ಎಂದು ಕರೆದುಕೊಳ್ಳುತ್ತಿದ್ದರು. ಹಿಂದಿನವನು ಹೊಗಳಿದ್ದಕ್ಕೆ ಮುಂದಿನವನು ಫೋನಿನಲ್ಲಿ 'ಡಿಟೋ' ಅಂದರೆ ಸಾಕು, ಅಂದರೆ 'ನಂದೂ ಅದೇ'. ಇದು ನಮಗೆ ಗೊತ್ತಿಲ್ಲದ ಕ್ರಮವೇ? ನಮ್ಮ ಕೇರಿಗಳಲ್ಲಿ ಕಥೆ ಹೇಳುವ ಮುದುಕಿಗೆ ಹೂಂಗುಟ್ಟುವವರು ಬೇಕು. ಆದರೆ ಅಲ್ಲಿ ಹೂಂಗುಟ್ಟುವ ಹುಡುಗ 'ಆಮೇಲೆ?' ಅಂತಾನೆ, 'ಅದ್ಯಾಕಂಗೆ ಮಾಡಿದ?' ಅಂತಾನೆ, ಕಥೆಯೇ ದಾರಿ ಬದಲಿಸುತ್ತದೆ. ಊರಗೌಡನ ಜಗಲಿಯ ಮೇಲೂ ಹೂಂಗುಟ್ಟುತ್ತಾರೆ. ಅಲ್ಲಿ 'ಹೂಂ ಬುದ್ಧಿ' ಒಂದೇ. ಟಾಕ್ ರೇಡಿಯೋ ಮುದುಕಿಯ ದನಿಯಲ್ಲಿ ನಡೆಯುವ ಗೌಡನ ಜಗಲಿ. ಫೋನು ಮಾಡಿದವರೆಲ್ಲ ಮಾತಾಡುತ್ತಾರೆ ಎಂದು ತೋರುತ್ತದೆ. ಆದರೆ ಯಾರನ್ನು ಒಳಗೆ ಬಿಡಬೇಕು, ಎಷ್ಟು ಹೊತ್ತಿಗೆ ಲೈನು ಕತ್ತರಿಸಬೇಕು ಎನ್ನುವುದು ಒಳಗಿನವರ ಕೈಲಿದೆ.

ಆ ಬಾಗಿಲು ಕಾಯುತ್ತಿದ್ದವರು ಜೇಮ್ಸ್ ಗೋಲ್ಡನ್, ರೇಡಿಯೋ ಹೆಸರು ಬೋ ಸ್ನರ್ಡ್ಲಿ. ಅವರು ಕಪ್ಪು ಮನುಷ್ಯ. 2007ರಲ್ಲಿ ಒಬಾಮಾರ ಕಪ್ಪುತನವನ್ನು ಇಟ್ಟುಕೊಂಡು ಕಟ್ಟಿದ ಅಣಕು ಹಾಡು ಇದೇ ಕಾರ್ಯಕ್ರಮದಲ್ಲಿ ಬಂತು. 2008ರಲ್ಲಿ ಒಬಾಮಾರನ್ನು ಟೀಕಿಸುವ 'ಅಧಿಕೃತ' ಕೆಲಸವನ್ನು ಗೋಲ್ಡನ್‌ಗೆ ವಹಿಸಲಾಯಿತು, ಕಪ್ಪು ಬಾಯಿಂದ ಬಂದರೆ ಅದನ್ನು ಜನಾಂಗದ್ವೇಷ ಅನ್ನಲಾಗದು ಎಂಬ ಗೇಲಿಯೊಂದಿಗೆ. ಗೋಲ್ಡನ್‌ರನ್ನು ಒಡೆಯನ ಆಳು ಎಂದು ಬೈದು ಮುಗಿಸುವುದು ಸುಲಭ, ನಾನು ಹಾಗೆ ಮಾಡಲಾರೆ. ಅವರ ನಂಬಿಕೆ ಅವರದೇ ಇರಬಹುದು. ನನ್ನ ತಕರಾರು ಆ ಜಾಗದ ಬಗ್ಗೆ. ಅಂಥ ಜಾಗವೊಂದನ್ನು ಪ್ರತಿ ಜಗಲಿಯೂ ಮೊದಲೇ ಗುಡಿಸಿ ಇಟ್ಟಿರುತ್ತದೆ. 'ನಿಮ್ಮವರೇ ಹೇಳ್ತಿದಾರಲ್ಲ' ಎಂಬ ಮಾತು ಬೇಕಾದಾಗ ಅಲ್ಲಿಗೆ ಯಾರನ್ನಾದರೂ ಕೂರಿಸುತ್ತದೆ. ಅನುಭವದ ಪ್ರಾಮಾಣ್ಯವೊಂದನ್ನೇ ನಂಬಿದ ವಿಮರ್ಶೆ ಈ ಜಾಗದ ಎದುರು ಬಾಯಿ ಕಟ್ಟಿ ನಿಲ್ಲಬೇಕಾಗುತ್ತದೆ.

ಈಗ ಯೂನಿಯನ್ನುಗಳ ವಿಷಯಕ್ಕೆ ಬರುತ್ತೇನೆ. ಈ ರೇಡಿಯೋದ ಕಥನದಲ್ಲಿ ಎರಡೇ ಪಾತ್ರ: ಬೆವರು ಸುರಿಸಿ ತೆರಿಗೆ ಕಟ್ಟುವವನು, ಆ ತೆರಿಗೆಯಲ್ಲಿ ಹಾಯಾಗಿ ಪಿಂಚಣಿ ತಿನ್ನುವ ಸರ್ಕಾರಿ ನೌಕರ. ಮಾಲೀಕ ಈ ಕಥೆಯಲ್ಲಿ ಬರುವುದೇ ಇಲ್ಲ. 2011ರಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಗವರ್ನರ್ ಸ್ಕಾಟ್ ವಾಕರ್ ತಂದ 'ಆಕ್ಟ್ 10' ಕಾಯ್ದೆ ಬಹುಪಾಲು ಸರ್ಕಾರಿ ನೌಕರರ ಸಾಮೂಹಿಕ ಚೌಕಾಸಿಯ ಹಕ್ಕನ್ನು ಹಿಂಡಿಹಾಕಿತು. ಸಂಬಳದಲ್ಲೇ ಯೂನಿಯನ್ ಚಂದಾ ಮುರಿದುಕೊಡುವ ಪದ್ಧತಿಯನ್ನು ನಿಲ್ಲಿಸಿತು. ಪೊಲೀಸರಿಗೂ ಅಗ್ನಿಶಾಮಕದವರಿಗೂ ವಿನಾಯಿತಿ ಕೊಟ್ಟಿತು. ಮ್ಯಾಡಿಸನ್ ನಗರದ ಶಾಸನಭವನಕ್ಕೆ ಸಾವಿರಾರು ಜನ ನುಗ್ಗಿ ವಾರಗಟ್ಟಲೆ ಕೂತರು. ಮಿಲ್ವಾಕಿಯ ರೇಡಿಯೋದಲ್ಲಿ ಚಾರ್ಲಿ ಸೈಕ್ಸ್, ಮಾರ್ಕ್ ಬೆಲ್ಲಿಂಗ್ ಮುಂತಾದವರು ವಾಕರ್ ಬೆನ್ನಿಗೆ ನಿಂತರು. ಇದರಲ್ಲೊಂದು ವ್ಯಂಗ್ಯವಿದೆ. ಸರ್ಕಾರಿ ನೌಕರರ ದೊಡ್ಡ ಯೂನಿಯನ್ನಾದ ಎಎಫ್‌ಎಸ್‌ಸಿಎಂಇ 1930ರ ದಶಕದ ಆರಂಭದಲ್ಲಿ ಹುಟ್ಟಿದ್ದು ಅದೇ ಮ್ಯಾಡಿಸನ್‌ನಲ್ಲಿ. ಸರ್ಕಾರಿ ನೌಕರರ ಚೌಕಾಸಿ ಹಕ್ಕಿಗೆ 1959ರಲ್ಲಿ ಮೊದಲು ಕಾನೂನು ಮಾಡಿದ ರಾಜ್ಯವೂ ಅದೇ.

'ಚಂದಾ ಮುರಿದುಕೊಡುವುದು' ಎಂದರೆ ಆಫೀಸಿನ ಲೆಕ್ಕಪತ್ರದ ಸಣ್ಣ ವಿಷಯದಂತೆ ಕೇಳುತ್ತದೆ. ಅದರ ತೂಕ ಗೊತ್ತಾಗಬೇಕಾದರೆ 1968ರ ಮೆಂಫಿಸ್ ನಗರಕ್ಕೆ ಹೋಗಬೇಕು. ಆ ವರ್ಷ ಫೆಬ್ರವರಿ 1ರಂದು ಮಳೆಯಲ್ಲಿ ಕಸದ ಲಾರಿಯ ಹಿಂಭಾಗದಲ್ಲಿ ಆಸರೆ ಪಡೆದಿದ್ದ ಎಕೋಲ್ ಕೋಲ್, ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಕಾರ್ಮಿಕರು ಕಸ ಅಮುಕುವ ಯಂತ್ರಕ್ಕೆ ಸಿಕ್ಕಿ ಸತ್ತರು. ಫೆಬ್ರವರಿ 12ರಿಂದ ಸುಮಾರು 1,300 ಕಸ ಎತ್ತುವವರು ಕೆಲಸ ನಿಲ್ಲಿಸಿದರು. ಅವರ ಕೊರಳಲ್ಲಿದ್ದ ಫಲಕ 'ನಾನು ಮನುಷ್ಯ' ಎಂದಿತ್ತು. ಅವರ ಬೇಡಿಕೆ ಯೂನಿಯನ್ನಿಗೆ ಮಾನ್ಯತೆ ಮತ್ತು ಸಂಬಳದಲ್ಲೇ ಚಂದಾ ಮುರಿದುಕೊಡುವುದು. ಮೇಯರ್ ಹೆನ್ರಿ ಲೋಬ್ ಹಠ ಹಿಡಿದದ್ದು ಈ ಎರಡಕ್ಕೇ. ಯಾಕೆಂದರೆ ಚಂದಾ ಖಾತ್ರಿಯಾಗಿ ಬಂದರೆ ಕಸ ಎತ್ತುವವನ ಸಂಘ ನಾಳೆಯೂ ಇರುತ್ತದೆ. ಮಾರ್ಟಿನ್ ಲೂಥರ್ ಕಿಂಗ್ ಆ ಮುಷ್ಕರಕ್ಕೆ ಬಂದವರು ಏಪ್ರಿಲ್ 4ರಂದು ಅಲ್ಲೇ ಗುಂಡೇಟಿಗೆ ಬಲಿಯಾದರು. ಏಪ್ರಿಲ್ 16ರಂದು ಒಪ್ಪಂದವಾಯಿತು. ಆ ಕಾರ್ಮಿಕರ ಯೂನಿಯನ್ ಎಎಫ್‌ಎಸ್‌ಸಿಎಂಇ. ಸರಿಯಾಗಿ ಐವತ್ತು ವರ್ಷದ ಮೇಲೆ, 2018ರಲ್ಲಿ, ಯೂನಿಯನ್ ಸೇರದ ಸರ್ಕಾರಿ ನೌಕರರಿಂದ ಚೌಕಾಸಿಯ ಖರ್ಚಿನ ಪಾಲು ವಸೂಲು ಮಾಡುವುದು ಸಂವಿಧಾನ ವಿರೋಧಿ ಎಂದು ಸುಪ್ರೀಂ ಕೋರ್ಟು ತೀರ್ಪಿತ್ತ ಜೇನಸ್ ಮೊಕದ್ದಮೆಯಲ್ಲಿ ಎದುರು ಪಕ್ಷವೂ ಅದೇ ಯೂನಿಯನ್ನು. ತೀರ್ಪಿನಲ್ಲಿದ್ದ ಮುಖ್ಯ ಪದ ವಾಕ್ ಸ್ವಾತಂತ್ರ್ಯ. ಮಾತಿನ ಹೆಸರಿನಲ್ಲಿಯೇ ಮಾತಿಲ್ಲದವರ ಸಂಘದ ಬುಡ ಕೊಯ್ಯಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅಮೆರಿಕದಲ್ಲಿ ಸರ್ಕಾರಿ ಕೆಲಸ ಕಪ್ಪುಜನಕ್ಕೆ ಮರ್ಯಾದೆಯ ಬದುಕಿನ ಮುಖ್ಯ ಬಾಗಿಲುಗಳಲ್ಲೊಂದು. ಹಾಗಾಗಿ 'ಸರ್ಕಾರಿ ಯೂನಿಯನ್' ಎಂದು ಬೈದಾಗ ಏಟು ಯಾರಿಗೆ ಬೀಳಬೇಕೋ ಅವರಿಗೆ ಬೀಳುತ್ತದೆ, ಬಣ್ಣದ ಹೆಸರೆತ್ತಬೇಕಿಲ್ಲ. ರಿಪಬ್ಲಿಕನ್ ಪಕ್ಷದ ತಂತ್ರಗಾರ ಲೀ ಅಟ್ವಾಟರ್ 1981ರ ಒಂದು ಸಂದರ್ಶನದಲ್ಲಿ ಈ ಗುಟ್ಟನ್ನು ತಾನೇ ಬಿಡಿಸಿ ಹೇಳಿದ್ದ: ಬೈಗುಳ ಬಾಯಲ್ಲಿ ಆಡಲಾಗದ ಕಾಲ ಬಂದಾಗ ತೆರಿಗೆ, ಖರ್ಚು ಎಂಬ ಪದಗಳು ಆ ಕೆಲಸ ಮಾಡುತ್ತವೆ. ನಮ್ಮಲ್ಲಿ 'ಪ್ರತಿಭೆ' ಎಂಬ ಪದ ಯಾವ ಕೆಲಸ ಮಾಡುತ್ತದೆ ಎಂದು ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಇಲ್ಲೊಂದು ಕಹಿ ಸತ್ಯವನ್ನೂ ಹೇಳಬೇಕು. ಯೂನಿಯನ್ನಿನ ಮೇಲೆ ಜನರಿಗಿರುವ ಸಿಟ್ಟೆಲ್ಲ ರೇಡಿಯೋ ಹುಟ್ಟಿಸಿದ್ದಲ್ಲ. ಅಮೆರಿಕದ ಎಷ್ಟೋ ಯೂನಿಯನ್ನುಗಳು ಕಪ್ಪುಜನರನ್ನು ಹೊರಗಿಟ್ಟೇ ಬೆಳೆದವು. ರೈಲಿನ ಮಲಗುವ ಬೋಗಿಗಳಲ್ಲಿ ದುಡಿಯುತ್ತಿದ್ದ ಕಪ್ಪು ಪೋರ್ಟರುಗಳಿಗಾಗಿ ಎ. ಫಿಲಿಪ್ ರ‍್ಯಾಂಡಾಲ್ಫ್ 1925ರಲ್ಲಿ ಬೇರೆಯೇ ಸಂಘ ಕಟ್ಟಿದರು. ಪುಲ್ಮನ್ ಕಂಪನಿ ಕರಾರಿಗೆ ಸಹಿ ಹಾಕಿದ್ದು 1937ರಲ್ಲಿ, ಹನ್ನೆರಡು ವರ್ಷದ ನಂತರ. ಮರುವರ್ಷ 1938ರಲ್ಲಿ ಮನ್ಮಾಡಿನಲ್ಲಿ ಅಸ್ಪೃಶ್ಯ ರೈಲ್ವೆ ಕಾರ್ಮಿಕರೆದುರು ಬಾಬಾಸಾಹೇಬರು ಬ್ರಾಹ್ಮಣಶಾಹಿ, ಬಂಡವಾಳಶಾಹಿ ಎರಡೂ ಕಾರ್ಮಿಕನ ಶತ್ರುಗಳೆಂದು ಹೇಳಿದರು. ಮುಂಬೈ ಗಿರಣಿಗಳ ನೇಯ್ಗೆ ವಿಭಾಗಕ್ಕೆ ಅಸ್ಪೃಶ್ಯರನ್ನು ಸೇರಿಸುತ್ತಿರಲಿಲ್ಲ. ತುಂಡಾದ ನೂಲನ್ನು ಎಂಜಲಿನಿಂದ ಜೋಡಿಸಬೇಕಲ್ಲ, ಆ ಎಂಜಲಿಗೆ ಮೈಲಿಗೆ. ತಡೆದವರು ಜೊತೆಯ ಕಾರ್ಮಿಕರೇ. ಆದರೂ ಅದೇ 1938ರ ನವೆಂಬರ್ 7ರಂದು ಮುಷ್ಕರದ ಹಕ್ಕನ್ನು ಮೊಟಕು ಮಾಡುವ ಮಸೂದೆಯ ವಿರುದ್ಧ ಅಂಬೇಡ್ಕರ್ ಕಮ್ಯುನಿಸ್ಟರ ಜೊತೆ ಸೇರಿ ಮುಷ್ಕರ ನಡೆಸಿದರು. ಯೂನಿಯನ್ನಿನೊಳಗಿನ ಜಾತಿಯನ್ನು ಬೈಯುವುದು, ಯೂನಿಯನ್ನನ್ನೇ ಮುರಿಯಬಂದವನಿಗೆ ಅಡ್ಡ ನಿಲ್ಲುವುದು, ಎರಡೂ ಒಟ್ಟಿಗೆ ಸಾಧ್ಯ ಎಂದು ಅವರು ತೋರಿಸಿದರು. ಟಾಕ್ ರೇಡಿಯೋ ಮಾಡುವುದು ಇದರ ಉಲ್ಟಾ ಕೆಲಸ. ಗಾಯ ತೋರಿಸುತ್ತದೆ, ಹೊಡೆದವನನ್ನು ಮರೆಸುತ್ತದೆ. 1983ರಲ್ಲಿ ಅಮೆರಿಕದ ನೂರು ನೌಕರರಲ್ಲಿ ಇಪ್ಪತ್ತು ಜನ ಯೂನಿಯನ್ನಿನಲ್ಲಿದ್ದರು, 2024ರಲ್ಲಿ ಹತ್ತೂ ಇಲ್ಲ. ಇದಕ್ಕೆ ಕಾರಣ ರೇಡಿಯೋ ಒಂದೇ ಅಲ್ಲ, ಆದರೆ ಈ ಕುಸಿತಕ್ಕೆ ಚಪ್ಪಾಳೆ ಹೊಡೆಯಲು ಕಾರ್ಮಿಕರನ್ನೇ ಅಣಿಗೊಳಿಸಿದ್ದು ಅದರ ಸಾಧನೆ.

ಸಾಮಾಜಿಕ ಜಾಲತಾಣ ಬಂದಮೇಲೆ ಜಗಲಿ ಎಲ್ಲರ ಕಿಸೆಗೂ ಬಂತು. ಇಲ್ಲಿ ಒಂದು ತಮಾಷೆ ನಡೆಯಿತು. ಎದುರು ಮಾತಿಗೆ ಜಾಗ ಕೊಡುವ ನಿಯಮವನ್ನು ಮತ್ತೆ ತರುವ ಪ್ರಯತ್ನ 1993ರಲ್ಲಿ ನಡೆದಾಗ ಇದೇ ರೇಡಿಯೋ ಬಳಗ ಅದನ್ನು ಲಿಂಬಾನ ಬಾಯಿ ಮುಚ್ಚಿಸುವ ಸಂಚು ಎಂದಿತ್ತು. 2021ರಲ್ಲಿ ಟ್ರಂಪ್ ಖಾತೆಗಳನ್ನು ಕಂಪನಿಗಳು ಮುಚ್ಚಿದಾಗ ಅದೇ ಬಳಗ 'ನಮ್ಮ ಮಾತಿಗೂ ಜಾಗ ಬೇಕು' ಎಂದು ಕೂಗಿತು. ಟೆಕ್ಸಾಸ್, ಫ್ಲೋರಿಡಾ ರಾಜ್ಯಗಳು ಆ ವರ್ಷವೇ ಅದಕ್ಕೆ ಕಾಯ್ದೆ ಮಾಡಿದವು. ಅಂದರೆ ಮರುಮಾತಿನ ನ್ಯಾಯ ಇವರಿಗೆ ಗೊತ್ತಿಲ್ಲದ್ದಲ್ಲ, ಬೇಡದಿದ್ದದ್ದು ಇನ್ನೊಬ್ಬರಿಗೆ ಅದು ಸಿಗುವುದು. ಇತ್ತ ಸೈಕ್ಸ್ 2016ರ ಹೊತ್ತಿಗೆ ಬೇರೆ ಕಷ್ಟ ಹೇಳಿಕೊಂಡರು. ಪತ್ರಿಕೆಗಳನ್ನೆಲ್ಲ ನಂಬಬೇಡಿ ಎಂದು ವರ್ಷಾನುಗಟ್ಟಲೆ ಹೇಳಿದ ಮೇಲೆ, ಸುಳ್ಳನ್ನು ಸುಳ್ಳು ಎಂದರೆ ಕೇಳುಗರು ಈಗ ತಮ್ಮನ್ನೂ ನಂಬುತ್ತಿಲ್ಲ ಎಂದು.

ಅದೇ ಫೋನಿನ ಇನ್ನೊಂದು ಬದಿಯನ್ನೂ ನೋಡಬೇಕು. 2020ರಲ್ಲಿ ನ್ಯೂಯಾರ್ಕಿನ ಅಮೆಜಾನ್ ಗೋದಾಮಿನಲ್ಲಿ ಕೋವಿಡ್ ರಕ್ಷಣೆಗಾಗಿ ಕೆಲಸ ಬಿಟ್ಟು ಹೊರನಡೆದ ಪ್ರತಿಭಟನೆ ಸಂಘಟಿಸಿದ ಕ್ರಿಸ್ ಸ್ಮಾಲ್ಸ್ ಎಂಬ ಕಪ್ಪು ಕಾರ್ಮಿಕನನ್ನು ಕಂಪನಿ ಕೆಲಸದಿಂದ ತೆಗೆಯಿತು. ಆತ ಜಾಣನೂ ಅಲ್ಲ, ಸರಿಯಾಗಿ ಮಾತಾಡಬಲ್ಲವನೂ ಅಲ್ಲ, ಅವನನ್ನೇ ಮುಂದೆ ಮಾಡಿದರೆ ನಮಗೆ ಲಾಭ ಎಂಬರ್ಥದ ಕಂಪನಿಯ ಒಳಟಿಪ್ಪಣಿ ಬಯಲಾಯಿತು. 2022ರ ಏಪ್ರಿಲ್‌ನಲ್ಲಿ ಆ ಗೋದಾಮಿನ ಕಾರ್ಮಿಕರು ಮತ ಹಾಕಿ ಯೂನಿಯನ್ ಗೆದ್ದರು. ಬಸ್ಸು ಸ್ಟಾಪಿನಲ್ಲಿ ಊಟ ಹಂಚುತ್ತಾ, ಫೋನಿನಲ್ಲಿ ಸಣ್ಣ ವಿಡಿಯೋ ಬಿಡುತ್ತಾ ಕಟ್ಟಿದ ಸಂಘ ಅದು. 'ಮಾತು ಬಾರದವನು' ಎಂಬ ಆ ಟಿಪ್ಪಣಿ ನಮಗೆ ಹೊಸದಲ್ಲ, ದಲಿತ ಬರಹಕ್ಕೆ ಅಂಟಿಸುತ್ತಾ ಬಂದ ಷರಾ ಅದು.

ಹೀಗೆ ಒರಟು ಮಾತಾಡಿದ ಇಬ್ಬರನ್ನು ನಾನು ಅಕ್ಕಪಕ್ಕ ಇಟ್ಟು ನೋಡುತ್ತೇನೆ. 1973ರಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದರು. ಆಡುಮಾತಿನ ಒಂದೇ ಪದ. ರಾಜ್ಯ ಹೊತ್ತಿ ಉರಿಯಿತು, ದಲಿತ ವಿದ್ಯಾರ್ಥಿಗಳು ಏಟು ತಿಂದರು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಲು ಹೊರಟ ಮಂತ್ರಿ ರಾಜೀನಾಮೆ ಕೊಡಬೇಕಾಯಿತು. ಲಿಂಬಾ ಮೂರು ದಶಕ ಹೆಂಗಸರನ್ನು, ಕಪ್ಪುಜನರನ್ನು, ಬಡವರನ್ನು ಹೀಗಳೆದ. 2020ರ ಫೆಬ್ರವರಿ 4ರಂದು ಅಧ್ಯಕ್ಷ ಟ್ರಂಪ್ ತುಂಬಿದ ಸಂಸತ್ತಿನಲ್ಲಿ ಅವನಿಗೆ ದೇಶದ ಅತ್ಯುನ್ನತ ನಾಗರಿಕ ಪದಕ ಘೋಷಿಸಿದರು. ಸಿಟ್ಟಿನ ಬೆಲೆ ಯಾರು ತೆತ್ತರು ಎಂದು ಕೇಳದೆ ಸಿಟ್ಟನ್ನು ಮೌಲ್ಯವೆಂದು ಕರೆಯುವ ವಿಮರ್ಶೆ ಈ ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಿಬಿಡುತ್ತದೆ.

ನಮ್ಮಲ್ಲಿ ಖಾಸಗಿ ಎಫ್‌ಎಂಗಳು ಬಂದರೂ ಸ್ವಂತ ಸುದ್ದಿ ಹೇಳುವ ಅನುಮತಿ ಅವಕ್ಕೆ ಸಿಗಲಿಲ್ಲ. ಆದ್ದರಿಂದ ಈ ಪ್ರಕಾರ ರೇಡಿಯೋದಲ್ಲಿ ಬೆಳೆಯದೆ ಟಿವಿಯ ಚರ್ಚೆಗಳಿಗೂ ವಾಟ್ಸಾಪಿಗೂ ಬಂದು ಕೂತಿತು. 2022ರ ಜುಲೈನಲ್ಲಿ ಕರ್ನಾಟಕದ ಪೌರಕಾರ್ಮಿಕರು ಕಾಯಮಾತಿಗಾಗಿ ಮುಷ್ಕರ ಹೂಡಿದರು. ಬೆಂಗಳೂರಿನಲ್ಲಿ ಪೊರಕೆ ಕೆಳಗಿಟ್ಟವರಲ್ಲಿ ಹೆಚ್ಚಿನವರು ದಲಿತ ಹೆಣ್ಣುಮಕ್ಕಳು. ಆಗ 'ನಮ್ಮ ತೆರಿಗೆ ದುಡ್ಡಲ್ಲಿ ಇವರಿಗೆ ಪರ್ಮನೆಂಟ್ ಬೇರೆ ಕೇಡು' ಎಂಬ ಮಾತು ನನ್ನ ಕಿವಿಗೂ ಬಿತ್ತು. ಮೆಂಫಿಸಿನ ಮೇಯರು ಈ ಮಾತನ್ನು ಭಾಷಾಂತರವಿಲ್ಲದೆ ತಿಳಿದುಕೊಳ್ಳುತ್ತಿದ್ದ.

ಹಾಗಾದರೆ ಸಿಟ್ಟನ್ನು ಬಿಟ್ಟುಬಿಡೋಣವೇ, ಆಡುಮಾತನ್ನು ಬಿಟ್ಟು ಶಿಷ್ಟಭಾಷೆಗೆ ಮರಳೋಣವೇ? ಖಂಡಿತ ಅಲ್ಲ. 1920ರಲ್ಲಿ ಬಾಬಾಸಾಹೇಬರು ಶುರು ಮಾಡಿದ ಪತ್ರಿಕೆಯ ಹೆಸರು 'ಮೂಕನಾಯಕ'. ಮೂಕರ ಪರವಾಗಿ ಒಬ್ಬನೇ ಕೊನೆತನಕ ಮಾತಾಡಲಿ ಎಂದಲ್ಲ, ಮೂಕರು ಮಾತಾಡುವಂತಾಗಲಿ ಎಂಬುದು ಅದರ ಹಂಬಲವೆಂದು ನಾನು ತಿಳಿದಿದ್ದೇನೆ. ಇನ್ನು ಮುಂದೆ ಒಂದು ಕವಿತೆಯನ್ನು, ಭಾಷಣವನ್ನು, ನಮ್ಮವರದೇ ಯೂಟ್ಯೂಬ್ ಮಾತನ್ನು ನೋಡುವಾಗ ಸಿಟ್ಟು ಎಷ್ಟಿದೆ ಎಂಬುದರ ಜೊತೆಗೆ ಇದನ್ನೂ ಕೇಳೋಣ: ಇಲ್ಲಿ ಬೈಸಿಕೊಂಡವನು ತಿರುಗಿ ಮಾತಾಡಲು ಜಾಗವಿದೆಯೇ? ಕೇಳುವವನು 'ಅದ್ಯಾಕಂಗೆ?' ಅನ್ನಬಹುದೇ, ಇಲ್ಲಾ ಬರೀ ಹೂಂಗುಟ್ಟಬೇಕೇ? ಈ ಪ್ರಶ್ನೆಯನ್ನು ನಮ್ಮ ಸಂಘಟನೆಗಳ ವೇದಿಕೆಗಳಿಗೂ ಕೇಳಬೇಕು. ಅಲ್ಲೂ ಮೈಕು ಒಂದೇ ಕೈಯಲ್ಲಿ ಬಹಳ ಹೊತ್ತು ಇರುತ್ತದೆ, ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂತು ಕೇಳುತ್ತಲೇ ಇರುತ್ತಾರೆ.