ಗುಲಾಬಿ ಪೆಟ್ಟಿಗೆ, ನೇರಳೆ ಪೆಟ್ಟಿಗೆ

1996ರ ಕೊನೆಗೆ ಅಮೆರಿಕದ ಅಂಗಡಿಗಳಿಗೆ ಬಂದ ‘ಬಾರ್ಬಿ ಫ್ಯಾಷನ್ ಡಿಸೈನರ್’ ಎಂಬ ಸಿ.ಡಿ. ಎರಡೇ ತಿಂಗಳಲ್ಲಿ 5 ಲಕ್ಷಕ್ಕೂ ಹೆಚ್ಚು ಪ್ರತಿ ಖರ್ಚಾಯಿತು. ಹುಡುಗಿಯರು ಕಂಪ್ಯೂಟರ್ ಆಟ ಆಡುವುದಿಲ್ಲ, ಅವರಿಗೆಂದು ಆಟ ಮಾಡಿದರೆ ಹಾಕಿದ ಬಂಡವಾಳ ಕೈಬಿಟ್ಟಂತೆಯೇ ಎಂದು ನಂಬಿದ್ದ ಉದ್ಯಮದ ನಿದ್ದೆಯನ್ನು ಈ ಲೆಕ್ಕ ಕೆಡಿಸಿತು. ಮುಂದಿನ ಎರಡು ಮೂರು ವರ್ಷ ‘ಹುಡುಗಿಯರ ಆಟ’ ಎಂಬ ಹೊಸ ಪಂಥವೇ ಎದ್ದು ನಿಂತಿತು. ಅದಕ್ಕೆ ಕಂಪನಿಗಳು ಹುಟ್ಟಿಕೊಂಡವು, ವಿಚಾರಸಂಕಿರಣಗಳು ನಡೆದವು, ಸ್ತ್ರೀವಾದಿಗಳಲ್ಲೇ ಎರಡು ಬಣಗಳಾದವು. ಆ ಪಂಥದ ಬಗ್ಗೆ ಇಂದಿಗೂ ನಡೆಯುವ ಚರ್ಚೆ ಬಣ್ಣದ ಸುತ್ತಲೇ ಗಿರಕಿ ಹೊಡೆಯುತ್ತದೆ: ಪೆಟ್ಟಿಗೆ ಗುಲಾಬಿಯಾಗಿದ್ದು ಸರಿಯೇ, ತಪ್ಪೇ? ನನಗೆ ಬಣ್ಣಕ್ಕಿಂತ ಮುಖ್ಯವಾಗಿ ಕಾಣುವುದು ಆಟ ಹುಟ್ಟಿದ ಬಗೆ. ಸಮೀಕ್ಷೆಯಿಂದ ಹುಟ್ಟಿದ ಆಟಗಳು ಬೇಗ ಬಾಡಿದವು. ಯಾರೋ ಒಬ್ಬಳ ಹಟದಿಂದ, ಹುಚ್ಚಿನಿಂದ ಹುಟ್ಟಿದವು ಮೂವತ್ತು ವರ್ಷಗಳ ನಂತರವೂ ಆಡಿಸಿಕೊಳ್ಳುತ್ತಿವೆ.

ಮೊದಲಿಗೆ ಬಾರ್ಬಿಗೆ ಸಲ್ಲಬೇಕಾದದ್ದನ್ನು ಸಲ್ಲಿಸೋಣ. ಆ ಸಿ.ಡಿ.ಯನ್ನು ಬೈದವರಲ್ಲಿ ಬಹಳ ಜನ ಅದು ಏನು ಮಾಡುತ್ತಿತ್ತು ಎಂದು ನೋಡಿದಂತೆ ಕಾಣುವುದಿಲ್ಲ. ಪರದೆಯ ಮೇಲೆ ಉಡುಪಿನ ಕತ್ತರಿಕೆ, ಬಟ್ಟೆಯ ವಿನ್ಯಾಸ, ಬಣ್ಣ ಆರಿಸಬೇಕು. ಬಾರ್ಬಿ ಅದನ್ನುಟ್ಟು ವೇದಿಕೆಯ ಮೇಲೆ ನಡೆದು ತೋರಿಸುತ್ತಾಳೆ. ಮೆಚ್ಚಿಗೆಯಾದರೆ ಮನೆಯ ಸಾದಾ ಪ್ರಿಂಟರಿಗೆ ವಿಶೇಷ ಬಟ್ಟೆಯ ಹಾಳೆ ಹಾಕಿ ಅಚ್ಚೊತ್ತಿ, ಕತ್ತರಿಸಿ, ಅಂಟಿಸಿ ನಿಜವಾದ ಗೊಂಬೆಗೆ ಉಡಿಸಬಹುದು. ಗೆಲುವಿಲ್ಲ, ಸೋಲಿಲ್ಲ, ಅಂಕವಿಲ್ಲ. ಆಟ ಕಂಪ್ಯೂಟರಿನಿಂದ ಇಳಿದು ಮನೆಯ ನೆಲಕ್ಕೆ ಬಂದು ಮುಂದುವರಿಯುತ್ತಿತ್ತು. ಮನಶ್ಶಾಸ್ತ್ರಜ್ಞೆಯರಾದ ಕಾವೇರಿ ಸುಬ್ರಹ್ಮಣ್ಯಂ ಮತ್ತು ಪೆಟ್ರೀಷಿಯಾ ಗ್ರೀನ್‌ಫೀಲ್ಡ್ ಈ ಯಶಸ್ಸಿನ ಗುಟ್ಟು ಇಲ್ಲೇ ಇದೆ ಎಂದರು: ಹುಡುಗಿಯರು ಮೊದಲೇ ಆಡುತ್ತಿದ್ದ ನಟನೆಯಾಟಕ್ಕೆ ಕಂಪ್ಯೂಟರ್ ಒಂದು ಉಪಕರಣವಾಗಿ ಒದಗಿತು. ಇದು ಒಪ್ಪಬಹುದಾದ ಮಾತು. ಗೊಂಬೆಯ ಸೊಂಟದ ಅಳತೆಯ ಬಗ್ಗೆ ಏನೇ ತಕರಾರಿರಲಿ, ಮಗುವಿನ ಕೈಗೆ ಅದು ಏನನ್ನಾದರೂ ಮಾಡುವ ಕೆಲಸ ಕೊಟ್ಟಿತು. ಆಮೇಲೆ ಅದರ ಹೆಸರಿನಲ್ಲಿ ಬಂದ ನೂರಾರು ಬಟ್ಟೆ ತೊಡಿಸುವ ಆಟಗಳು, ನಮ್ಮೂರುಗಳ ಬ್ರೌಸಿಂಗ್ ಸೆಂಟರುಗಳಲ್ಲಿ ಹುಡುಗಿಯರು ಆಡುತ್ತಿದ್ದ ಪುಕ್ಕಟೆ ಆಟಗಳೂ ಸೇರಿ, ಆ ಕೈಕೆಲಸವನ್ನೇ ಬಿಟ್ಟು ಗೊಂಬೆಯನ್ನು ಮಾತ್ರ ಉಳಿಸಿಕೊಂಡವು.

ಬಾರ್ಬಿಗಿಂತ ಮುಂಚೆ ಏನೂ ಇರಲಿಲ್ಲ ಎನ್ನುವಂತಿಲ್ಲ. 1980ರಲ್ಲಿ ತೋರು ಇವಾತಾನಿ ‘ಪ್ಯಾಕ್-ಮ್ಯಾನ್’ ರೂಪಿಸಿದಾಗ ಗಂಡಸರೇ ತುಂಬಿದ್ದ ಆರ್ಕೇಡುಗಳಿಗೆ ಹೆಂಗಸರನ್ನೂ ಜೋಡಿಗಳನ್ನೂ ಕರೆತರುವುದು ಅವನ ಉದ್ದೇಶವಾಗಿತ್ತು. ಗುಂಡಿನ ಬದಲು ತಿನ್ನುವುದನ್ನು ಆಟವಾಗಿಸಿದ್ದು ಅದಕ್ಕೇ. ಎರಡು ವರ್ಷದ ಬಳಿಕ ‘ಮಿಸ್ ಪ್ಯಾಕ್-ಮ್ಯಾನ್’ ತಲೆಗೆ ರಿಬ್ಬನ್ನು, ತುಟಿಗೆ ಬಣ್ಣ ಹಚ್ಚಿಕೊಂಡು ಬಂದಳು. ಅದೇ 1980ರಲ್ಲಿ ರಾಬರ್ಟಾ ವಿಲಿಯಮ್ಸ್ ‘ಮಿಸ್ಟರಿ ಹೌಸ್’ ಬರೆದು ಚಿತ್ರಸಹಿತ ಸಾಹಸದಾಟಕ್ಕೆ ದಾರಿ ಹಾಕಿದ್ದಳು. ಆದರೆ ಅವಳು ಯಾವತ್ತೂ ‘ಹುಡುಗಿಯರಿಗೆ’ ಎಂದು ಬರೆಯಲಿಲ್ಲ, ಅಂಗಡಿಯಲ್ಲಿ ಅವಳ ಆಟಗಳಿಗೆ ಬೇರೆ ಕಪಾಟೂ ಇರಲಿಲ್ಲ.

ಬೇರೆ ಕಪಾಟು ಬೇಕು ಎಂದು ವಾದಿಸಿ, ಅದನ್ನು ಕಟ್ಟಲು ಹೊರಟವಳು ಬ್ರೆಂಡಾ ಲಾರೆಲ್. ರಂಗಭೂಮಿಯಲ್ಲಿ ಡಾಕ್ಟರೇಟ್, ಅಟಾರಿಯಲ್ಲಿ ಕೆಲಸ, ಕಂಪ್ಯೂಟರನ್ನು ರಂಗಭೂಮಿಯಾಗಿ ನೋಡುವ ‘ಕಂಪ್ಯೂಟರ್ಸ್ ಆಸ್ ಥಿಯೇಟರ್’ ಎಂಬ ಹೆಸರಾಂತ ಪುಸ್ತಕ. ಹೀಗೆ ಆಕೆಯ ಹಿನ್ನೆಲೆ ದೊಡ್ಡದು. ಮೈಕ್ರೋಸಾಫ್ಟಿನ ಸಹಸ್ಥಾಪಕ ಪಾಲ್ ಆಲನ್ ಹಣದಿಂದ ನಡೆಯುತ್ತಿದ್ದ ಇಂಟರ್‌ವಲ್ ರಿಸರ್ಚ್ ಸಂಸ್ಥೆಯಲ್ಲಿ ಕೂತು ಆಕೆಯ ತಂಡ ವರ್ಷಗಟ್ಟಲೆ ಸಂಶೋಧನೆ ನಡೆಸಿತು, ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಮಾತನಾಡಿಸಿತು. ಅದರಿಂದ ಸಿಕ್ಕ ಒಂದು ತೀರ್ಮಾನ ನಿಜಕ್ಕೂ ಬೆಲೆಯುಳ್ಳದ್ದು: ಹುಡುಗಿಯರು ಹುಡುಗರ ಆಟಗಳಿಂದ ದೂರ ಉಳಿಯುವುದು ಹಿಂಸೆಗೆ ಹೆದರಿಯಲ್ಲ, ಬೇಸರಕ್ಕೆ. ಪಾತ್ರಗಳಿಗೆ ಮನಸ್ಸಿಲ್ಲ, ಕತೆಗೆ ಜೀವವಿಲ್ಲ. ಇದನ್ನು ಹಿಡಿದು 1996ರಲ್ಲಿ ‘ಪರ್ಪಲ್ ಮೂನ್’ ಕಂಪನಿ ಶುರುವಾಯಿತು. ಬಾರ್ಬಿ ಗುಲಾಬಿಯಾದರೆ ಇದು ನೇರಳೆ. ವಿಮರ್ಶಕರು ಎರಡೂ ಬಣವನ್ನು ಬಣ್ಣದಿಂದಲೇ ಕರೆಯತೊಡಗಿದರು.

ಮರುವರ್ಷ ಬಂದ ‘ರಾಕೆಟ್ಸ್ ನ್ಯೂ ಸ್ಕೂಲ್’ ಈ ಪಂಥದ ಕೇಂದ್ರಕೃತಿ. ಎಂಟನೇ ತರಗತಿಯ ಹುಡುಗಿ ರಾಕೆಟ್ ಮೊವಾಡೊ ಹೊಸ ಶಾಲೆಗೆ ಬಂದಿದ್ದಾಳೆ. ಯಾರ ಪಕ್ಕ ಕೂರಬೇಕು, ಯಾರ ಮಾತಿಗೆ ನಗಬೇಕು, ಶಾಲೆಯ ರಾಣಿಯಂತೆ ಮೆರೆಯುವವಳ ಎದುರು ಹೇಗೆ ನಿಲ್ಲಬೇಕು? ಕತೆ ಒಂದು ಇಕ್ಕಟ್ಟಿಗೆ ಬಂದಾಗ ಚಿತ್ರ ನಿಲ್ಲುತ್ತದೆ, ರಾಕೆಟ್‌ಳ ಮೂರು ಮುಖಗಳು ಕಾಣಿಸುತ್ತವೆ; ಒಂದು ಅಳುಕುವುದು, ಒಂದು ಸಿಡುಕುವುದು, ಒಂದು ಧೈರ್ಯ ತಂದುಕೊಳ್ಳುವುದು, ಹೀಗೆ. ಅವಳ ಮನಸ್ಸಿನ ಮಾತು ಕೇಳಿಸಿಕೊಂಡು ಆಟಗಾರ್ತಿ ಒಂದನ್ನು ಆರಿಸಬೇಕು. ಏನು ಮಾಡಬೇಕು ಎಂದಲ್ಲ, ಏನು ಅನ್ನಿಸಬೇಕು ಎಂದು. ಕ್ರಿಯೆಗೆ ಮುಂಚಿನ ಭಾವವನ್ನು ಆಟದ ನಡೆಯಾಗಿ ಮಾಡಿದ್ದು ದೊಡ್ಡ ಹೊಳಹು. ರಂಗಭೂಮಿ ಬಲ್ಲವಳಿಗೇ ಹೊಳೆಯುವಂಥದ್ದು. ಮುಂದೆ ಬಂದ ಎಷ್ಟೋ ಕಥನಪ್ರಧಾನ ಆಟಗಳು ಇದೇ ಜಾಡಿನಲ್ಲಿ ನಡೆದವು, ಹೆಸರು ಹೇಳಿ ನೆನೆದದ್ದು ಮಾತ್ರ ಕಡಿಮೆ.

ಹೊಳಹಿನ ಮೇಲೆ ಕಟ್ಟಿದ ಮನೆ ಮಾತ್ರ ಚಿಕ್ಕದು. ಮೂರು ಮುಖಗಳಲ್ಲಿ ಯಾವುದನ್ನು ಆರಿಸಿದರೂ ಕತೆ ಬೇಗ ಅದೇ ರಸ್ತೆಗೆ ಬಂದು ಸೇರುತ್ತದೆ. ಪಾತ್ರಗಳು ವ್ಯಕ್ತಿಗಳಿಗಿಂತ ವರ್ಗೀಕರಣದಂತೆ ಕಾಣುತ್ತವೆ: ಜನಪ್ರಿಯಳು, ಓದುಬುರುಕಿ, ಒಂಟಿ. ಸಹಪಾಠಿಗಳ ಲಾಕರ್ ಇಣುಕಿ ನೋಡಿ ಗುಟ್ಟು ತಿಳಿಯಬಹುದು, ತಿಳಿದ ಗುಟ್ಟಿನಿಂದ ಏನೂ ಕಟ್ಟುವಂತಿಲ್ಲ. ಸಾವಿರ ಮಕ್ಕಳ ಮಾತು ಕೇಳಿ ಬರೆದದ್ದರಿಂದಲೇ ಇಲ್ಲಿ ಯಾರೂ ಅಚ್ಚರಿಯ ಮಾತಾಡುವುದಿಲ್ಲ. ಸರಾಸರಿ ಹುಡುಗಿಯ ಸರಾಸರಿ ದಿಗಿಲು ಮಾತ್ರ ಉಳಿದಿದೆ. ಜೊತೆಗೇ ಬಂದ ‘ಸೀಕ್ರೆಟ್ ಪಾತ್ಸ್ ಇನ್ ದ ಫಾರೆಸ್ಟ್’ ಕಾಡಿನ ಏಕಾಂತದಲ್ಲಿ ಗೆಳತಿಯರ ನೋವಿಗೆ ಸಾಂತ್ವನ ಹುಡುಕುವ ಆಟ. ಉದ್ದೇಶ ಒಳ್ಳೆಯದು, ಒಗಟುಗಳು ಸಪ್ಪೆ. ಅದರ ಬಗ್ಗೆ ಹೆಚ್ಚು ಹೇಳುವುದೇನಿಲ್ಲ.

ಲಾರೆಲ್ ಮೇಲೆ ಬಂದ ದೊಡ್ಡ ಆಪಾದನೆ ಎಂದರೆ, ಜಗಳ, ಜನಪ್ರಿಯತೆ, ಗುಸುಗುಸುಗಳ ಲೋಕವನ್ನೇ ಹುಡುಗಿಯರ ಲೋಕವೆಂದು ಮಾರಿದಳು ಎಂಬುದು. ಹುಡುಗಿಯರು ಎಲ್ಲಿದ್ದಾರೋ ಅಲ್ಲಿಗೇ ಹೋಗಿ ಮಾತಾಡಬೇಕು, ಎಲ್ಲಿರಬೇಕೆಂದು ನಾವು ಬಯಸುತ್ತೇವೋ ಅಲ್ಲಿಂದಲ್ಲ ಎಂಬುದು ಆಕೆಯ ನಿಲುವಾಗಿತ್ತು. ಈ ವಾಗ್ವಾದ ಪೂರ್ತಿಯಾಗಿ ಸಿಗುವುದು ಜಸ್ಟೀನ್ ಕ್ಯಾಸೆಲ್ ಮತ್ತು ಹೆನ್ರಿ ಜೆಂಕಿನ್ಸ್ ಸಂಪಾದಿಸಿದ ‘ಫ್ರಮ್ ಬಾರ್ಬಿ ಟು ಮಾರ್ಟಲ್ ಕಾಂಬ್ಯಾಟ್’ (1998) ಎಂಬ ಸಂಕಲನದಲ್ಲಿ. ಆ ಪುಸ್ತಕದ ಸ್ವಾರಸ್ಯ ಪಂಡಿತರ ಲೇಖನಗಳಿಗಿಂತ ಕೊನೆಯಲ್ಲಿ ದನಿಯೆತ್ತುವ ‘ಕ್ವೇಕ್’ ಆಟಗಾರ್ತಿಯರದ್ದು. ಬಂದೂಕು ಹಿಡಿದು ಗಂಡಸರನ್ನು ಬೆನ್ನಟ್ಟುವುದರಲ್ಲಿ ಅವರಿಗೆ ಸುಖವಿದೆ. ಗುಲಾಬಿಯೂ ಬೇಡ, ನೇರಳೆಯೂ ಬೇಡ, ನಮಗೇನು ಇಷ್ಟವಾಗಬೇಕೆಂದು ನೀವು ಹೇಳಬೇಡಿ ಎನ್ನುವ ಧಾಟಿ ಅವರದು. ಸಮೀಕ್ಷೆಯ ಪ್ರಶ್ನಾವಳಿಯಲ್ಲಿ ಇವರಿಗೆ ಜಾಗವೇ ಇರಲಿಲ್ಲ.

ಇದೇ ವರ್ಷಗಳಲ್ಲಿ ಯಾವ ಸಮೀಕ್ಷೆಯ ಗೊಡವೆಗೂ ಹೋಗದೆ ಮೂರು ಸಿ.ಡಿ. ಮಾಡಿದವಳು ಥೆರೆಸಾ ಡಂಕನ್. ಮಾನಿಕಾ ಗೆಸೂ ಜೊತೆ ಮಾಡಿದ ‘ಚಾಪ್ ಸೂಯಿ’ (1995) ಅವುಗಳಲ್ಲಿ ಮೊದಲನೆಯದು. ಒಹಾಯೊದ ಚಿಕ್ಕ ಊರಿನಲ್ಲಿ ಲಿಲಿ, ಜೂನ್ ಎಂಬ ಅಕ್ಕತಂಗಿಯರು ಹೊಟ್ಟೆ ಬಿರಿಯ ಚಾಪ್ ಸೂಯಿ ತಿಂದು ಗುಡ್ಡದ ಮೇಲೆ ಮಲಗಿ ಮೋಡ ನೋಡುತ್ತಾರೆ. ಅಲ್ಲಿಂದ ಊರಿನ ಮನೆಮನೆಯೂ ತೆರೆದುಕೊಳ್ಳುತ್ತದೆ. ಎಲ್ಲಿಗಾದರೂ ಹೋಗಿ, ಏನನ್ನಾದರೂ ಮುಟ್ಟಿ, ಗುರಿ ಎಂಬುದಿಲ್ಲ. ಹಾಸ್ಯಬರಹಗಾರ ಡೇವಿಡ್ ಸೆಡಾರಿಸ್ ದನಿಯಲ್ಲಿ ಕತೆ ಹರಿಯುತ್ತದೆ. ಒಂದು ಕಾಲಕ್ಕೆ ಮೆರೆದಿದ್ದ ಚಿಕ್ಕಮ್ಮ ವೇರಾಳ ಗತದಂಥ ದೊಡ್ಡವರ ವಿಷಯಗಳು ಮಕ್ಕಳ ಕಿವಿಗೆ ಅರ್ಧಂಬರ್ಧ ಬೀಳುವ ರೀತಿ ಅಪ್ಪಟ ಸಾಹಿತ್ಯದ್ದು. ‘ಸ್ಮಾರ್ಟಿ’, ‘ಝೀರೊ ಝೀರೊ’ ಆಮೇಲೆ ಬಂದವು. ಪರ್ಪಲ್ ಮೂನ್ ಹುಡುಗಿಯರ ಸಮಸ್ಯೆಗಳನ್ನು ಪಟ್ಟಿ ಮಾಡಿತು; ಡಂಕನ್ ಒಬ್ಬ ಹುಡುಗಿಯ ಕಣ್ಣಿಗೆ ಲೋಕ ಎಷ್ಟು ವಿಚಿತ್ರ ಎಂದು ತೋರಿಸಿದಳು. ಯಾವುದು ಮಾರುಕಟ್ಟೆಗೆ ಹೊಂದಿತು ಎಂದು ಕೇಳಿದರೆ ಎರಡೂ ಹೊಂದಲಿಲ್ಲ ಎನ್ನಬೇಕು. ಆದರೆ ನ್ಯೂಯಾರ್ಕಿನ ರೈಜೋಮ್ ಸಂಸ್ಥೆ 2015ರಲ್ಲಿ ಹುಡುಕಿ ತೆಗೆದು ಬ್ರೌಸರಿನಲ್ಲಿ ಮತ್ತೆ ಆಡುವಂತೆ ಮಾಡಿದ್ದು ಡಂಕನ್‌ಳ ಆಟಗಳನ್ನು.

ಮಾರುಕಟ್ಟೆಯಲ್ಲೂ ಬಾಳಿದ್ದು ನ್ಯಾನ್ಸಿ ಡ್ರೂ ಆಟಗಳ ಸರಣಿ. ಅದನ್ನು ತಂದ ‘ಹರ್ ಇಂಟರ್‌ಆ್ಯಕ್ಟಿವ್’ ಕಂಪನಿಯ ಮೂಲ ತಮಾಷೆಯಾಗಿದೆ. ಪರದೆಗೆ ಪಿಸ್ತೂಲು ಗುರಿಯಿಟ್ಟು ಹೊಡೆಯುವ ಕೌಬಾಯ್ ಆಟಗಳನ್ನು ಮಾಡುತ್ತಿದ್ದ ಅಮೆರಿಕನ್ ಲೇಸರ್ ಗೇಮ್ಸ್‌ನ ಹೊಟ್ಟೆಯಲ್ಲಿ ಅದು ಹುಟ್ಟಿತು. ಮೊದಲಿನ ‘ಮೆಕೆನ್ಝಿ ಆ್ಯಂಡ್ ಕೋ’ ಶಾಲೆಯ ನಾಚ್‌ಕೂಟಕ್ಕೆ ಜೊತೆಗಾರನನ್ನು ಹುಡುಕುವ ಆಟ. 1998ರ ‘ಸೀಕ್ರೆಟ್ಸ್ ಕ್ಯಾನ್ ಕಿಲ್’ನಿಂದ ದಾರಿ ಬದಲಾಯಿತು. ಪತ್ತೇದಾರಿ ನ್ಯಾನ್ಸಿಯ ಕಣ್ಣಿನಿಂದಲೇ ಇಡೀ ಆಟ ಸಾಗುತ್ತದೆ. ಅವಳ ದನಿ ಕೇಳುತ್ತದೆ, ಮುಖ ಕಾಣುವುದಿಲ್ಲ. ಬಾರ್ಬಿಯಲ್ಲಿ ಹುಡುಗಿ ನೋಡಿಸಿಕೊಳ್ಳುವವಳು, ಇಲ್ಲಿ ನೋಡುವವಳು. ಹೆಣ್ಣಿನ ದೇಹದ ಚಿತ್ರಣ ಹೇಗಿರಬೇಕು ಎಂಬ ಮುಗಿಯದ ಜಗಳವನ್ನು ಚಿತ್ರವನ್ನೇ ತೆಗೆದು ಬಗೆಹರಿಸಿದ ಈ ಉಪಾಯವನ್ನು ವಿಮರ್ಶಕರು ಇನ್ನೂ ಸರಿಯಾಗಿ ಗಮನಿಸಿಲ್ಲ. ಸರಣಿಯಲ್ಲಿ ಮೂವತ್ತಕ್ಕೂ ಹೆಚ್ಚು ಆಟಗಳು ಬಂದವು. ಎಲ್ಲವೂ ಚೆನ್ನಾಗಿವೆ ಎನ್ನಲಾರೆ. ಬೀಗ, ಸಂಕೇತಲಿಪಿ, ಹಳೆಯ ಕಾಗದ, ಸುಳ್ಳು ಹೇಳುವ ನಾಲ್ಕು ಜನ: ಸೂತ್ರ ಬದಲಾಗುವುದೇ ಇಲ್ಲ. ಆದರೂ ಅವು ಹುಡುಗಿಯ ಬುದ್ಧಿಗೆ ಕೆಲಸ ಕೊಡುತ್ತವೆ, ಉಪದೇಶ ಕೊಡುವುದಿಲ್ಲ.

ಪರ್ಪಲ್ ಮೂನ್ 1999ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. ಕೊಂಡುಕೊಂಡದ್ದು ಬಾರ್ಬಿಯ ಒಡೆಯ ಮ್ಯಾಟೆಲ್. ಅದೇ ವರ್ಷ ಮ್ಯಾಟೆಲ್ ಸುಮಾರು 350 ಕೋಟಿ ಡಾಲರಿಗೆ ‘ಲರ್ನಿಂಗ್ ಕಂಪನಿ’ ಎಂಬ ಶೈಕ್ಷಣಿಕ ತಂತ್ರಾಂಶ ಸಂಸ್ಥೆಯನ್ನೂ ಕೊಂಡು, ಭಾರಿ ನಷ್ಟ ಅನುಭವಿಸಿ, ಮರುವರ್ಷವೇ ಕೈತೊಳೆದುಕೊಂಡಿತು. ಸಿ.ಡಿ. ಆಟಗಳ ಕಾಲವೇ ಮುಗಿಯುತ್ತಿತ್ತು. 2000ರಲ್ಲಿ ಬಂದ ‘ದ ಸಿಮ್ಸ್’ ಈ ಪಂಥದ ಪ್ರಶ್ನೆಯನ್ನೇ ಬದಿಗೆ ಸರಿಸಿತು. ಮನೆ ಕಟ್ಟುವ ಆಟವೆಂದು ವಿಲ್ ರೈಟ್ ಶುರುಮಾಡಿದ್ದು, ಮನೆಯೊಳಗಿನ ಜನರ ಆಟವಾಗಿ ಬೆಳೆಯಿತು. ಪೆಟ್ಟಿಗೆಯ ಮೇಲೆ ‘ಹುಡುಗಿಯರಿಗೆ’ ಎಂದು ಎಲ್ಲೂ ಇರಲಿಲ್ಲ, ಆಡಿದವರಲ್ಲಿ ದೊಡ್ಡ ಪಾಲು ಹೆಣ್ಣುಮಕ್ಕಳೇ. ಬಟ್ಟೆ, ಗೋಡೆಯ ಬಣ್ಣ, ಜಗಳ, ಪ್ರೇಮ, ಅಡುಗೆಮನೆಗೆ ಬೆಂಕಿ. ಬಾರ್ಬಿ ಬಣದ್ದೂ ರಾಕೆಟ್ ಬಣದ್ದೂ ಎಲ್ಲ ಅಲ್ಲಿತ್ತು, ಆಯ್ಕೆ ಮಾತ್ರ ಮೂರು ಮುಖಗಳಿಗೆ ಸೀಮಿತವಾಗಿರಲಿಲ್ಲ.

ಅಮೆರಿಕ ಹೀಗೆ ಎಡವುತ್ತಿದ್ದಾಗ ಜಪಾನಿನಲ್ಲಿ ಬೇರೆಯೇ ಕತೆ ನಡೆದಿತ್ತು. ಚಾರಿತ್ರಿಕ ಯುದ್ಧತಂತ್ರದ ಆಟಗಳಿಗೆ ಹೆಸರಾದ ಕೋಯಿ ಕಂಪನಿಯನ್ನು ಗಂಡನೊಂದಿಗೆ ಕಟ್ಟಿದ ಕೇಯ್ಕೊ ಎರಿಕಾವಾಗೆ ಹೆಂಗಸರಿಗೆ ಹೆಂಗಸರೇ ಮಾಡಿದ ಆಟ ಬೇಕಿತ್ತು. ಅದಕ್ಕೆ ಬೇಕಾದ ತಂಡ ಕಟ್ಟಲು ವರ್ಷಗಳೇ ಹಿಡಿದವು. ‘ರೂಬಿ ಪಾರ್ಟಿ’ ಎಂಬ ಆ ತಂಡ 1994ರಲ್ಲಿ ತಂದ ‘ಆ್ಯಂಜೆಲಿಕ್’ ಇಂದು ಒಟೊಮೆ ಎನಿಸಿಕೊಳ್ಳುವ, ಹೆಂಗಸರಿಗೆಂದೇ ಮಾಡಿದ ಪ್ರಣಯದಾಟಗಳ ಪ್ರಕಾರದ ಮೊದಲ ಆಟ. ಹದಿನೇಳರ ಹುಡುಗಿ ವಿಶ್ವದ ರಾಣಿಯ ಪಟ್ಟಕ್ಕೆ ಸ್ಪರ್ಧಿ. ಒಂಬತ್ತು ಮಂದಿ ಸುಂದರ ರಕ್ಷಕರಿಂದ ಶಕ್ತಿ ಕೇಳಿ ಪಡೆದು ತನ್ನ ಭೂಖಂಡವನ್ನು ಬೆಳೆಸಬೇಕು. ಅವರಲ್ಲೊಬ್ಬನಿಗೆ ಮನಸೋತರೆ ಪಟ್ಟವನ್ನು ಬಿಡಬೇಕಾಗುತ್ತದೆ. ಯುದ್ಧದಾಟದಲ್ಲಿ ಪಳಗಿದ ಲೆಕ್ಕಾಚಾರ ಪ್ರಣಯದ ಕೆಳಗೆ ಗಟ್ಟಿಯಾಗಿ ಕೂತಿದೆ, ಅದಕ್ಕೇ ಪ್ರೇಮಕ್ಕೂ ಒಂದು ಬೆಲೆ ಬಂದಿದೆ. ರಾಜ್ಯವೋ ಪ್ರೀತಿಯೋ ಎಂಬ ಈ ಇಕ್ಕಟ್ಟನ್ನು ಇವತ್ತಿನ ಸ್ತ್ರೀವಾದಿ ಓದುಗಳು ಸುಲಭವಾಗಿ ಟೀಕಿಸಬಹುದು. ಟೀಕೆಗೆ ಅರ್ಥವಿದೆ. ಆದರೂ ಇಲ್ಲಿ ಹುಡುಗಿಯನ್ನು ತಿದ್ದುವ, ಉದ್ಧರಿಸುವ ಹವಣಿಕೆ ಇಲ್ಲ ಎಂಬುದು ನನಗೆ ದೊಡ್ಡದಾಗಿ ಕಾಣುತ್ತದೆ. ಅವಳ ಆಸೆಯನ್ನು ಆಸೆಯಾಗಿಯೇ ಒಪ್ಪಿಕೊಂಡರು. ದನಿ ಕೊಟ್ಟ ನಟರ ಕಾರ್ಯಕ್ರಮ, ಧ್ವನಿನಾಟಕದ ಸಿ.ಡಿ., ಮುಂದಿನ ಭಾಗಗಳು ಎಂದು ಅದು ದಶಕಗಟ್ಟಲೆ ಬೆಳೆಯಿತು.

ಅಮೆರಿಕದ ಪಂಥಕ್ಕೆ ಎರಡನೆಯ ಹುಟ್ಟು ಬಂದದ್ದು ನಡುವಯಸ್ಸಿನ ಹೆಂಗಸರಿಂದ. ‘ಡೈನರ್ ಡ್ಯಾಶ್’ ಎಂಬ ಸಣ್ಣ ಆಟದಲ್ಲಿ ಫ್ಲೋ ಎಂಬವಳು ಷೇರುಪೇಟೆಯ ಕೆಲಸ ಬಿಟ್ಟು ಹೋಟೆಲು ತೆರೆಯುತ್ತಾಳೆ. ಗಿರಾಕಿಗಳನ್ನು ಕೂರಿಸು, ಊಟ ಬಡಿಸು, ಅವರ ಸಹನೆ ಕರಗುವ ಮುಂಚೆ ಬಿಲ್ ಕೊಡು. ಆಟಗಳ ಸಂಶೋಧಕಿ ಶೀರಾ ಚೆಸ್ ತಮ್ಮ ‘ರೆಡಿ ಪ್ಲೇಯರ್ ಟೂ’ (2017) ಪುಸ್ತಕದಲ್ಲಿ ಇಂಥ ಆಟಗಳನ್ನು ಬಿಡಿಸಿ ನೋಡಿದರು: ಹೆಂಗಸಿನ ಬಿಡುವನ್ನೂ ಬೇರೆಯವರ ಮನಸ್ಸು ಕಾಯುವ ಕೆಲಸದಿಂದಲೇ ತುಂಬುವ ವಿನ್ಯಾಸವಿದು. ಒಪ್ಪುತ್ತೇನೆ, ಆದರೆ ಮನೆಯಲ್ಲಿ ಯಾರೂ ಲೆಕ್ಕಕ್ಕಿಡದ ಆ ಕೆಲಸಕ್ಕೆ ಫ್ಲೋ ಲೋಕದಲ್ಲಿ ಅಂಕ ಬೀಳುತ್ತದೆ, ಬಡ್ತಿ ಸಿಗುತ್ತದೆ. ಆಡುವವಳ ತೃಪ್ತಿಯಲ್ಲಿ ಅದೂ ಇದೆ. ನಮ್ಮ ಮೆಟ್ರೋದಲ್ಲಿ ಕ್ಯಾಂಡಿ ಕ್ರಷ್ ಒತ್ತುತ್ತ ಕೂತ ಹೆಂಗಸಿಗೆ ಅವಳ ಪುಟ್ಟ ಏಕಾಂತ ಬೇಕಿರುತ್ತದೆ, ತಾತ್ಪರ್ಯ ಬೇಕಿರುವುದಿಲ್ಲ.

ಈಗ ಹಣದ ಹೊಳೆ ಹರಿಯುತ್ತಿರುವುದು ಒಟೊಮೆಯ ಹೊಸ ತಲೆಮಾರಿನಲ್ಲಿ. ಚೀನಾದ ಪೇಪರ್‌ಗೇಮ್ಸ್ 2024ರ ಜನವರಿಯಲ್ಲಿ ತಂದ ‘ಲವ್ ಆ್ಯಂಡ್ ಡೀಪ್‌ಸ್ಪೇಸ್’ನಲ್ಲಿ ಗಂಡಸರು ಮೂರು ಆಯಾಮದಲ್ಲಿ ಕಣ್ಣಿಗೆ ಕಣ್ಣಿಟ್ಟು ಮಾತಾಡುತ್ತಾರೆ. ಚಿತ್ರಣ ಮನಮೋಹಕ, ಯುದ್ಧದ ಭಾಗವೂ ಸೊಗಸು. ಕತೆಯ ಒಳ್ಳೆಯ ಗಳಿಗೆಗಳೆಲ್ಲ ಕಾರ್ಡುಗಳಲ್ಲಿ ಅಡಗಿವೆ, ಕಾರ್ಡು ಸಿಗುವುದು ಲಾಟರಿಯಂತೆ ಎಳೆದರೆ ಮಾತ್ರ, ಎಳೆಯಲು ದುಡ್ಡು ಬೇಕು. ಆ್ಯಂಜೆಲಿಕ್‌ನಲ್ಲಿ ಪ್ರೇಮಕ್ಕೆ ತೆತ್ತದ್ದು ರಾಣಿಯ ಪಟ್ಟ, ಅದೂ ಕತೆಯೊಳಗೆ. ಇಲ್ಲಿ ತೆರುವುದು ಆಡುವವಳ ತಿಂಗಳ ಸಂಬಳದಿಂದ. ಲಾರೆಲ್ ಮಕ್ಕಳ ಎದುರು ಕೂತು ಕೇಳಿ ತಿಳಿದದ್ದನ್ನು ಇವರು ಕೇಳುವುದೂ ಇಲ್ಲ. ಯಾವ ಗಂಡಸಿನ ಮುಖದ ಮೇಲೆ ಎಷ್ಟು ಹೊತ್ತು ನಿಂತಳು, ಯಾವ ಎಳೆತಕ್ಕೆ ದುಡ್ಡು ಕಟ್ಟಿದಳು ಎಂಬುದು ಆಡುತ್ತಿದ್ದಂತೆಯೇ ದಾಖಲಾಗುವ ಕಾಲವಿದು. ರಾಕೆಟ್‌ಳ ಶಾಲೆಯಲ್ಲಿ ಕತೆ ನಿಂತು ಮೂರು ಮುಖ ತೋರಿಸುತ್ತಿದ್ದ ಜಾಗದಲ್ಲಿ ಇಲ್ಲಿ ಖರೀದಿಯ ಗುಂಡಿ ಬರುತ್ತದೆ.